ಗೋಡೆಹಂಡೆಯ ಬಾಯಿಗೆ ಬೂಚು

ಗದಗ, ಫೆಬ್ರುವರಿ ೩೦, ೨೧೮೬

ಆರು ತಲೆಮಾರಿನ ಹಿಂದಿನ ಅಜ್ಜಿಗೆ,

ತಾರೀಖು ಕಂಡು ನಗಬೇಡಿ. ನಮ್ಮ ಪಂಚಾಂಗದಲ್ಲಿ ಫೆಬ್ರುವರಿಗೆ ಮೂವತ್ತು ದಿನ. ನನ್ನ ಮಾತುಗಳಲ್ಲಿ ನೀವು ಅಲ್ಲಲ್ಲಿ ಎಡವಬಹುದು; ನಿಮ್ಮ ಕಾಲದ ಕನ್ನಡವನ್ನು ನಾನು ಕಾಲೇಜಿನಲ್ಲಿ ಓದಿದ್ದು ಎರಡೇ ವರ್ಷ. ತಪ್ಪಿದ್ದಲ್ಲಿ ತಿದ್ದಿ ಓದಿಕೊಳ್ಳಿ. ಕೂಸು ಮಧ್ಯಾಹ್ನದ ನಿದ್ದೆಯಲ್ಲಿದೆ. ನನಗಂತೂ ಹನ್ನೊಂದು ದಿನದಿಂದ ನಿದ್ದೆ ಎಂಬುದಿಲ್ಲ. ಇಂದು ನಾಲ್ಕು ಗಂಟೆಗೆ ತಾಪಕಟ್ಟೆಯಲ್ಲಿ, ಅಂದರೆ ಊರಿಗೆ ಬಿಸಿ ಹಂಚುವ ಕಚೇರಿಯಲ್ಲಿ, ಮಹಬೂಬ ಗಡಾದರ ಕಸುಬಿನ ಮುದ್ರೆಯನ್ನು ಕಿತ್ತುಕೊಳ್ಳುತ್ತಾರೆ; ಅದಿಲ್ಲದೆ ಅವರು ಕೆಲಸ ಮಾಡುವಂತಿಲ್ಲ. ನಮ್ಮ ಮನೆಗೆ ಗೋಡೆಹಂಡೆ ಕೂರಿಸಿದವರು ಅವರು. ತಪ್ಪು ಅವರದಲ್ಲ, ನನ್ನದು. ಬದುಕಿರುವವರ ಮುಂದೆ ಹೇಳುವ ಮೊದಲು ನಿಮ್ಮ ಮುಂದೆ ಹೇಳಿ ನೋಡುತ್ತಿದ್ದೇನೆ.

ನೀವು ಗೀಜರ್ ಎನ್ನುತ್ತಿದ್ದುದೇ ನಮ್ಮ ಗೋಡೆಹಂಡೆ. ನನ್ನ ಮಗಳು ಹೊನ್ನಿ ಹುಟ್ಟಿದ ವಾರದಲ್ಲೇ ನಮ್ಮ ಹಳೆಯದು ಕೆಂಪು ನೀರು ಕಾರತೊಡಗಿತು, ಒಳಗೆಲ್ಲ ತುಕ್ಕು. ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ಸುಡುಸುಡು ನೀರು ಎರೆಯುವುದು ನಿಮ್ಮಲ್ಲಿ ಇದ್ದಂತೆ ನಮ್ಮಲ್ಲೂ ಇದೆ. ಏನೇನೋ ಹೋಯಿತು, ಅದೊಂದು ಹೋಗಲಿಲ್ಲ. ಎರೆಯಲು ಬರುವವರು ಗುರಸಿದ್ದವ್ವ. ನಮ್ಮ ಓಣಿಯ ಮುನ್ನೂರು ಕೂಸುಗಳು ಅವರ ಚಾಚಿದ ಕಾಲುಗಳ ಮೇಲೆ ಮಲಗಿ ಎದ್ದಿವೆ. ಆ ಕೆಂಪು ನೀರು ನೋಡಿ ಅವರು ಚೊಂಬು ಕೆಳಗಿಟ್ಟರು. “ಕೂಸಿಗೆ ಎರೀಲೋ, ಬಾಗಲಿಗೆ ಕೆಮ್ಮಣ್ಣು ಸಾರಸ್ಲೋ?” ಎಂದರು.

ತಾಪಕಟ್ಟೆಗೆ ಹೋದೆ. ನಮ್ಮಲ್ಲಿ ಪ್ರತಿ ಮನೆಗೂ ತಿಂಗಳಿಗಿಷ್ಟು ಬಿಸಿ ಎಂದು ಗೊತ್ತುಮಾಡಿರುತ್ತಾರೆ. ಅದಕ್ಕೆ ತಾಪಪಾಲು ಎಂದು ಹೆಸರು. ಹೊಸ ಹಂಡೆಗೆ ಹದಿನಾಲ್ಕು ತಿಂಗಳ ಪಾಲು ಒಪ್ಪಿಸಬೇಕು, ಕಂತಿನಲ್ಲಿ. ಅಷ್ಟೇ ಆಗಿದ್ದರೆ ಸರಿ. ಆದರೆ ತುಂಬಿದ ಹಂಡೆಯ ಭಾರವನ್ನು ಗೋಡೆ ಹೊರುತ್ತದೆಯೇ ಎಂದು ಪರೀಕ್ಷೆ ಆಗಬೇಕು, ದಪ್ಪ ತಂತಿ ಎಳೆಸಬೇಕು, ನೆಲಕ್ಕೆ ಹೊಸ ಅರ್ಥಿಂಗ್ ಇಳಿಸಬೇಕು. ಹಳೆಯ ಒತ್ತಡದ ಕವಾಟವನ್ನು ಮತ್ತೆ ಹಾಕುವಂತಿಲ್ಲ, ಹೊಸದೇ ಬೇಕು. ಆ ಕವಾಟದಿಂದ ನೀರು ಸಂಗ್ರಹದ ತೊಟ್ಟಿಯವರೆಗೆ ಒಂದು ಸೋರುಗೊಳವೆಯೂ ಬೇಕು. ಅದಕ್ಕೆ ಎರಡು ತಿಂಗಳ ಪಾಲು ಹೆಚ್ಚು, ಜೊತೆಗೆ ಬಚ್ಚಲ ನೆಲ ಅಗೆಯಬೇಕು.

ಎಲ್ಲಕ್ಕೂ ಒಪ್ಪಿದೆ, ಕೊನೆಯದೊಂದಕ್ಕೆ ಒಪ್ಪಲಿಲ್ಲ. ಮಹಬೂಬಣ್ಣ ತಲೆ ಕೆರೆದುಕೊಂಡರು. “ತಂಗಿ, ನೀರು ಕಾದಾಗ ಹಿಗ್ಗತೈತಿ. ಹಿಗ್ಗಿದ್ದು ಎಲ್ಲಿಗೆ ಹೋಗಬೇಕು? ಕವಾಟ ತೊಟ್ಟಿಕ್ಕೇ ತೊಟ್ಟಿಕ್ಕತೈತಿ. ಅದನ್ನ ತೊಟ್ಟಿಗೆ ಒಯ್ಯಾಕ ಈ ಕೊಳವಿ.” ಅಗೆದ ನೆಲ ಒಣಗಲು ಒಂಬತ್ತು ದಿನ, ಅಲ್ಲಿಯವರೆಗೆ ಕೂಸಿಗೆ ನೀರಿಲ್ಲ ಎಂದು ನಾನು ಅತ್ತೆ. ಅವರು ಕರಗಿದರು. “ಆತು, ನಲವತ್ತು ದಿನ ಕಳೀಲಿ, ಬಂದು ಹಾಕ್ತೀನಿ. ಅಲ್ಲೀಮಟ ಕವಾಟದ ತಂಟೆಗೆ ಹೋಗಬ್ಯಾಡ್ರಿ,” ಎಂದು ಎರಡು ಸಲ ಹೇಳಿ ಹೋದರು.

ನೀರು ಚೆಲ್ಲುವುದು ನಿಮ್ಮ ಕಾಲದಲ್ಲಿ ಅಜಾಗರೂಕತೆ ಅಷ್ಟೇ ಆಗಿತ್ತಂತೆ. ನಮ್ಮಲ್ಲಿ ಅದು ಮಾನದ ಮಾತು. ಪ್ರತಿ ಹೊಸ್ತಿಲ ಮೇಲೂ ಹನಿಸಾಕ್ಷಿ ಎಂಬ ಪುಟ್ಟ ದೀಪವಿದೆ. ಮನೆಯೊಳಗೆ ನೀರು ವ್ಯರ್ಥ ಸೋರಿದರೆ ಅದು ಕೆಂಪಗೆ ಉರಿಯುತ್ತದೆ, ಓಣಿಯೆಲ್ಲ ನೋಡುತ್ತದೆ. ಹಂಡೆ ಕಾದಾಗಲೆಲ್ಲ ನಮ್ಮದು ಉರಿಯಿತು. ಎದುರುಮನೆಯ ಚೆನ್ನಕ್ಕ ಕಟ್ಟೆಯ ಮೇಲಿಂದಲೇ ಕೂಗಿದಳು: “ಏನವಾ ಶಶಿರೇಖಾ, ದೀಪಾವಳಿ ಇನ್ನೂ ಎಂಟ ತಿಂಗಳೈತಿ, ನಿಮ್ಮನ್ಯಾಗ ಈಗಽ ಸುರು ಆತೇನು?” ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಬಂದು ಕವಾಟದ ಬಾಯಿಗೆ ಮೇಣ ಮೆತ್ತಿ ಮರದ ಬೂಚು ಬಡಿದೆ. ಕಾವು ಹೆಚ್ಚಾದರೆ ಹಂಡೆ ತಾನೇ ಆರಿಕೊಳ್ಳುತ್ತದೆ ಎಂದು ಅದರ ಜೊತೆ ಬಂದ ಪುಸ್ತಕದಲ್ಲಿ ಓದಿದ್ದೆನಲ್ಲ. ದೀಪ ಆರಿತು. ಅಂದು ನೆಮ್ಮದಿಯಾಗಿ ಉಂಡೆ.

ಆರು ದಿನ ಏನೂ ಆಗಲಿಲ್ಲ. ಏಳನೆಯ ದಿನ ಕಾವು ಅಳೆಯುವ ಗುಂಡಿ ಸಿಕ್ಕಿಕೊಂಡಿತು, ಹಂಡೆ ಆರಲಿಲ್ಲ. ಗುರಸಿದ್ದವ್ವ ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರು. ಹಂಡೆಯ ತಳದ ಬೆಸುಗೆ ಒಮ್ಮೆಲೇ ಬಿಟ್ಟಿತು. ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದ ನನಗೆ ಹಬೆ ಬಿಟ್ಟು ಬೇರೇನೂ ಕಾಣಲಿಲ್ಲ. ಆಮೇಲೆ ಕಂಡದ್ದು, ಕೂಸಿನ ಮೇಲೆ ಗುಬುರು ಹಾಕಿದಂತೆ ಬಗ್ಗಿದ ಗುರಸಿದ್ದವ್ವನ ಬೆನ್ನು. ಹೊನ್ನಿಗೆ ಒಂದು ಬೊಬ್ಬೆಯೂ ಏಳಲಿಲ್ಲ. ಅವರ ಬೆನ್ನು, ಎರಡೂ ಮುಂಗೈ ಬೆಂದವು. ಜೀವಕ್ಕೆ ಭಯವಿಲ್ಲವಂತೆ, ಬೆರಳು ಮಾತ್ರ ಇನ್ನು ಪೂರ್ತಿ ಮಡಚುವುದಿಲ್ಲವಂತೆ. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ಅವರು ಅಂದದ್ದು, “ಅಳಬ್ಯಾಡ ಹುಚ್ಚಿ, ಎದಿಹಾಲು ಬತ್ತತೈತಿ.”

ತನಿಖೆಗೆ ಬಂದವರಿಗೆ ಬೂಚು ಸಿಗಲಿಲ್ಲ. ಅವರು ಬರುವ ಮೊದಲೇ ಅದನ್ನು ಕಿತ್ತು ಒಲೆಗೆ ಹಾಕಿದ್ದೆ. ಸೋರುಗೊಳವೆ ಇಲ್ಲದೆ ಹಂಡೆ ಕೂರಿಸಿದ್ದು ಯಾರು ಎಂದು ಕೇಳಿದರು. ಮಹಬೂಬಣ್ಣ ಕೈ ಎತ್ತಿದರು. ನಾನು ಅತ್ತು ಬೇಡಿಕೊಂಡದ್ದನ್ನು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ, ಅಜ್ಜಿ. ಕೂಸು ನನ್ನ ತೋಳಿನಲ್ಲೇ ಇತ್ತು. ನಿಜ ಹೇಳಿದರೆ ನಮ್ಮ ಮನೆಯ ತಾಪಪಾಲು ಒಂದು ವರ್ಷ ನಿಲ್ಲುತ್ತದೆ. ಆ ಕ್ಷಣದಲ್ಲಿ ಕಂಡದ್ದು ಅದೊಂದೇ.

ನಿಮ್ಮಲ್ಲೊಂದು ಬೇಡಿಕೆ. ನಿಮ್ಮ ಮನೆಯ ಗೀಜರ್ ಬದಲಿಸುವ ದಿನ ಯಂತ್ರದ ಬೆಲೆಗೆ ಬೇಕಾದಷ್ಟು ಜಗ್ಗಾಡಿ. ಆದರೆ ಕೂರಿಸುವವರು “ಇದೊಂದು ಬೇಕಾಗತೈತ್ರಿ” ಎಂದು ಸಂಕೋಚದಿಂದ ಕೊನೆಗೆ ಹೇಳುತ್ತಾರಲ್ಲ, ಆ ಸಾಮಾನಿನ ಹತ್ತಿರ ಚೌಕಾಸಿ ನಿಲ್ಲಿಸಿಬಿಡಿ. ಅದು ಯಾಕೆ ಬೇಕು ಎಂದು ಕೇಳಿ, ತಿಳಿಯುವವರೆಗೂ ಕೇಳಿ. ತಿಳಿದ ಮೇಲೆ ಮಕ್ಕಳಿಗೆ ಹೇಳಿ. ಹೇಳುತ್ತಾ ಹೇಳುತ್ತಾ ನನ್ನವರೆಗೂ ಬಂದೀತು.

ಮೂರೂವರೆಯಾಯಿತು. ಹೊನ್ನಿ ಕಣ್ಣು ಬಿಡುತ್ತಿದ್ದಾಳೆ, ಎತ್ತಿಕೊಂಡೇ ತಾಪಕಟ್ಟೆಗೆ ಹೊರಡುತ್ತೇನೆ. ಬೆಳಿಗ್ಗೆಯೇ ಮಾಳಿಗೆಯ ಮೇಲೆ ತಾಮ್ರದ ಕೊಡವನ್ನು ಬಿಸಿಲಿಗೆ ಇಟ್ಟಿದ್ದೇನೆ. ಒಂದು ವರ್ಷ ಅದೇ ನಮ್ಮ ಹಂಡೆ. ಸಂಜೆ ಬಂದು, ಕಾಲು ಚಾಚಿ ಕೂತು, ಮಗಳಿಗೆ ನಾನೇ ಎರೆಯುವುದನ್ನು ಕಲಿಯಬೇಕು.

ನಿಮ್ಮ,
ಶಶಿರೇಖಾ