ಇನ್ನೊಂದು ಇಂಜೆಕ್ಷನ್ ಬೇಡ

ರೀ,

ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ. ಮಗಳನ್ನು ಶಾಲೆಯಿಂದ ನಾನೇ ಕರೆತರುತ್ತೇನೆ.

ನಿನ್ನೆ ಸಂಜೆ ನಾನು ಹಾಕಿಕೊಂಡ, ಆಸೆ ಹುಟ್ಟಿಸುವ ಇಂಜೆಕ್ಷನ್ ಕೆಲಸ ಮಾಡಲಿಲ್ಲವೆಂದು ಬೆಳಿಗ್ಗೆಯೇ ಇನ್ನೊಂದು ತೆಗೆದಿಟ್ಟಿದ್ದೀರಿ. ಬೇಡ. ಒಂದು ದಿನದೊಳಗೆ ಎರಡು ಹಾಕಬಾರದು, ಬಿಪಿ ಏರುತ್ತದೆ ಎಂದು ಡಾಕ್ಟರಮ್ಮ ಹೇಳುವಾಗ ನೀವು ನಾಚಿಕೊಂಡು ಫ್ಯಾನ್ ನೋಡುತ್ತಾ ಕೂತಿದ್ದಿರಿ. ನೀವಂತೂ ಚುಚ್ಚಿಕೊಂಡು ನೋಡಬೇಡಿ, ನಿಮಗೆ ಮೊದಲೇ ಬಿಪಿ. ಮಗಳ ಕೈಗೆ ಸಿಗದಂತೆ ಮೇಲಿನ ಕಪಾಟಿನಲ್ಲಿಟ್ಟಿದ್ದೇನೆ.

ನಿನ್ನೆಯ ಇಂಜೆಕ್ಷನ್ನಿನಿಂದ ರಾತ್ರಿ ನನಗೆ ವಾಂತಿಯಾಗುವಾಗ ಬಚ್ಚಲಲ್ಲಿ ಪಕ್ಕದಲ್ಲೇ ಕೂತು, ‘ಇನ್ನೂ ಬರುತ್ತಿದೆಯೇನೇ?’ ಎನ್ನುತ್ತಾ ಬೆನ್ನು ಸವರಿದಿರಿ. ನೀವು ನನ್ನನ್ನು ಹಾಗೆ ಮುಟ್ಟಿ ಎಷ್ಟು ಕಾಲವಾಗಿತ್ತು.

ಇವತ್ತು ವಾಂತಿ ಇರುವುದಿಲ್ಲ. ಆದರೂ ಸ್ವಲ್ಪ ಬೆನ್ನು ಸವರುತ್ತೀರಾ?