ಎಡಗಡೆಯ ಸ್ಪೀಕರು

ಬೈಲಹೊಂಗಲ
೧೧ ಸೆಪ್ಟೆಂಬರ್ ೨೦೨೫, ಗುರುವಾರ

ಮಲ್ಲಿಕಾರ್ಜುನ ಅವರಿಗೆ ಶೈಲಜಾಳ ಶರಣು.

ಗಂಡನ ಹೆಸರು ಹಿಡಿದು ಬರೆದಳೆಂದು ಸಿಟ್ಟಾಗಬೇಡಿ. ಹನ್ನೆರಡು ವರ್ಷ ‘ಏನ್ರಿ’, ‘ಇಲ್ಲಿ ಕೇಳ್ರಿ’ ಎಂದೇ ಕರೆದೆ. ಕಾಗದದ ಮೇಲೆ ‘ಏನ್ರಿ’ ಎಂದು ಕೂಗಿದರೆ ರಾಮದುರ್ಗದಲ್ಲಿ ಕುಳಿತ ನೀವು ತಿರುಗಿ ನೋಡುವುದಿಲ್ಲ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಮಾತಾಡುತ್ತೇನೆ, ಮಾತಾಡಿದರೆ ಗೆದ್ದುಬಿಡುತ್ತೇನೆ. ಬಸ್‌ಸ್ಟ್ಯಾಂಡಿನ ಬದಿಯ ಡಬ್ಬಾ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬುತ್ತಿದ್ದವಳು ಸ್ವಂತ ಸ್ಟುಡಿಯೊದ ಬಾಗಿಲಿಗೆ ಬೋರ್ಡು ಹಾಕಿದ್ದು ಈ ಬಾಯಿಯಿಂದಲೇ. ಈ ಸಲ ನನಗೆ ಗೆಲ್ಲುವುದು ಬೇಕಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ನಿಮ್ಮ ಗೆಳೆಯ ಏಜಾಜಭಾಯಿ ಬಂದಿದ್ದರು. ಕಿತ್ತೂರಿಗೆ ಯಾವುದೋ ಮೈಕ್‌ಸೆಟ್ ರಿಪೇರಿಗೆ ಹೊರಟವರು ಅತ್ತಿಯನ್ನು, ನಿಮ್ಮ ಅವ್ವನನ್ನು, ಮಾತಾಡಿಸಲು ಇಳಿದಿದ್ದರು. ಅರ್ಧ ಕಪ್ ಚಹಾ ಕುಡಿದು, ಉಳಿದರ್ಧವನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದರು: “ಭಾಬಿ, ಸೋಮವಾರ ಹುಬ್ಬಳ್ಳಿಯಿಂದ ಒಬ್ಬಾಂವ ಬರತಾನ, ಆ ಬಿಳಿ ಸ್ಪೀಕರ್ ಜೋಡಿ ಒಯ್ಯಾಕ. ಮಲ್ಲು ಹೂಂ ಅಂದಾನ. ಅವು ಹೋದ ಮ್ಯಾಲ ಇಂವ ಮಿಕ್ಸಿಂಗಿಗೆ ಕುಂದ್ರೂದಿಲ್ಲ. ನನ್ನ ಕಿವಿ ಸತ್ತಾವ ಅಂತಾನ.” ದಿನವಿಡೀ ಏನು ಮಾಡುತ್ತಾರೆ ಎಂದು ಕೇಳಿದೆ. “ಅವ್ವನ ಪದ ಹಚ್ಚತಾನ, ಅರ್ಧಕ್ಕ ಬಂದ್ ಮಾಡತಾನ. ಮತ್ತ ಹಚ್ಚತಾನ. ಅಷ್ಟ ನೋಡ್ರಿ” ಎಂದರು.

ಅವರು ನಾಳೆ ಇದೇ ಹಾದಿಯಲ್ಲಿ ತಿರುಗಿ ಬರುತ್ತಾರೆ. ಈ ಲಕೋಟೆಯನ್ನೂ ಅತ್ತಿಯ ಪದಗಳಿರುವ ಹಾರ್ಡ್‌ಡಿಸ್ಕನ್ನೂ ಅವರ ಕೈಯಲ್ಲಿ ಕೊಡುತ್ತೇನೆ. ಶನಿವಾರದೊಳಗೆ ನೀವು ಓದಿರುತ್ತೀರಿ. ಓದಿದ ಮೇಲೆ ಜೋಡಿ ಮಾರುವುದು ಬಿಡುವುದು ನಿಮಗೆ ಸೇರಿದ್ದು. ನನ್ನನ್ನು ಇಟ್ಟುಕೊಳ್ಳುವುದು ಬಿಡುವುದು ಕೂಡ.

ನಿಮ್ಮ ಕಿವಿ ಸತ್ತಿಲ್ಲ. ಅದನ್ನು ಹೇಳಲಿಕ್ಕೇ ಇಷ್ಟು ದೂರದಿಂದ ಸುತ್ತಿ ಬರಬೇಕಾಗಿದೆ. ಸ್ವಲ್ಪ ತಾಳ್ಮೆ ಇರಲಿ.

ಆ ಬಿಳಿ ಜೋಡಿಯ ಬಗ್ಗೆ ನಮ್ಮಿಬ್ಬರ ಮಾತು ಎಂದೂ ಕೂಡಿರಲಿಲ್ಲ. ಹುಬ್ಬಳ್ಳಿಯಲ್ಲಿ ಮುಚ್ಚಿದ ಸ್ಟುಡಿಯೊ ಒಂದರಿಂದ ನೀವು ಅವನ್ನು ಬಸ್ಸಿನಲ್ಲಿ, ತೊಡೆಯ ಮೇಲೊಂದು ಕಾಲ ನಡುವೆ ಒಂದು ಇಟ್ಟುಕೊಂಡು ತಂದಿರಿ. ಕರಿ ಪೆಟ್ಟಿಗೆ, ಅದರ ನಡುವೆ ಬಿಳಿ ಕಾಗದದ ಬಟ್ಟಲು. ಹಚ್ಚಿದರೆ ಕೆಳದನಿಯೇ ಇಲ್ಲ, ತಗಡಿನ ಮೇಲೆ ಜೋಳ ಸುರಿದ ಹಾಗೆ. ಸಣ್ಣ ಸ್ಪೀಕರಿನ ಬಾಯಿಗೆ ನೀವು ಹುಡುಗರು ಹಾರಿಸುವ ಪತಂಗದ ತೆಳು ಹಾಳೆ ಅಂಟಿಸಿದಿರಿ, ಚೂಪು ತಗ್ಗಲಿ ಎಂದು. ನಾನು ನಕ್ಕೆ. ಪಟ್ಟಿ ಕಟ್ಟಿದ ಮೇಲೆ ಕೇಳಬೇಕಾದ ಸ್ಪೀಕರು ಯಾತಕ್ಕ ಬೇಕ್ರಿ ಎಂದೆ. “ಇದು ಸಕ್ರಿ ಹಾಕೂದಿಲ್ಲ, ಶೈಲಾ. ಹುಳಿ ಇದ್ದದ್ದನ್ನ ಹುಳಿ ಅಂತೈತಿ. ಇದರಾಗ ಚಲೋ ಕೇಳಿದ್ದು ಎಲ್ಲಾ ಕಡೆ ಚಲೋ ಕೇಳತೈತಿ” ಎಂದಿರಿ ನೀವು. ನನ್ನ ವಾದ ಬೇರೆ ಇತ್ತು. ನಮ್ಮ ಹಾಡನ್ನು ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತು ಕೇಳುವವರು ಯಾರು? ಟ್ರ್ಯಾಕ್ಟರಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಕೇಳುತ್ತಾರೆ, ಎಮ್ಮೆ ಹಿಂಡುತ್ತ ಫೋನಿನಲ್ಲಿ ಕೇಳುತ್ತಾರೆ.

ಅದಕ್ಕೇ ನಮ್ಮಲ್ಲಿ ಪಾಳಿಯ ಪರೀಕ್ಷೆ ನಡೆದು ಬಂದದ್ದು. ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಪಾಳಿಗೆ ನಿಂತಾಗ ಹೊಸ ಹಾಡಿನ ಪೆನ್‌ಡ್ರೈವ್ ಒಬ್ಬ ಡ್ರೈವರನ ಕೈಗೆ ಕೊಡುವುದು, ದೂರ ನಿಂತು ನೋಡುವುದು. ಹಿಂದಿನ ಟ್ರ್ಯಾಕ್ಟರಿನವನು ಬುತ್ತಿ ಬಿಟ್ಟು ಎದ್ದು ಬಂದರೆ ಹಾಡು ಪಾಸು. ರೊಟ್ಟಿ ಮುರಿಯುತ್ತಲೇ ಇದ್ದರೆ ನಪಾಸು. ನೀವು ಬಿಳಿ ಜೋಡಿಯನ್ನು ನಂಬಿದಿರಿ, ನಾನು ಪಾಳಿಯನ್ನು ನಂಬಿದೆ. ಎಂಟು ವರ್ಷ ಎರಡೂ ಸೇರಿಯೇ ನಮ್ಮ ಸಂಸಾರ ನಡೆಯಿತು.

ಈಗ ಜನವರಿಗೆ ಬರುತ್ತೇನೆ. ಅತ್ತಿಯ ಆರು ಸೋಬಾನ ಪದ ಹಿಡಿದಿಡಬೇಕೆಂದು ಕೋಣೆ ಸಜ್ಜು ಮಾಡಿದವರು ನೀವು. ಮನೋಳಿಯ ತವರಿನಿಂದ ತಂದ ಪದಗಳು, ಹಾಡುವವರು ಅವರೊಬ್ಬರೇ ಉಳಿದಿದ್ದರು. ಎರಡನೆಯ ಪದ ಮುಗಿದ ದಿನ, ಸಂಕ್ರಾಂತಿಯ ಮರುದಿನ ಮಧ್ಯಾಹ್ನ, ನೀವು ಬಿಳಿ ಜೋಡಿಯ ಮುಂದೆ ಕೂತು ಒಂದೇ ಸೊಲ್ಲನ್ನು ಹತ್ತು ಸಲ ತಿರುಗಿಸಿದಿರಿ. “ಅವ್ವ ದನಿ ಏರಿಸಿದಾಗ ಒಳಗ ಖರ್ ಅಂತೈತಿ, ಕೇಳು. ತಾಮ್ರದ ಕೊಡ ನೆಲಕ್ಕ ಉಜ್ಜಿದಂಗ.” ನಾನು ಕೇಳಿದೆ. ಕೇಳಿಸಿತು. ಆದರೂ, ನನಗೇನೂ ಕೇಳಸವೊಲ್ಲದು, ನಿಮ್ಮ ಸ್ಪೀಕರಿಗೆ ವಯಸ್ಸಾತು, ಇನ್ನೊಂದು ಪತಂಗದ ಹಾಳಿ ಅಂಟಸ್ರಿ ಎಂದೆ. ನೀವು ಬಿಡಲಿಲ್ಲ. ಹೋದ ವರ್ಷ ಶಿವಾನಿ ಎಂಬ ಹುಡುಗಿ ಹಾಡಿದ್ದನ್ನು ಅದೇ ಜೋಡಿಯಲ್ಲಿ ಹಚ್ಚಿದಿರಿ. ತಿಳಿನೀರಿನ ಹಾಗಿತ್ತು. “ನೋಡು, ಸ್ಪೀಕರ್ ನೆಟ್ಟಗ ಐತಿ. ಇದು ಗಂಟಲದಾಗಿಂದ. ನಾಳೆ, ನಾಡದ್ದು ಅವ್ವನ್ನ ಬೆಳಗಾವಿಗೆ ಕರಕೊಂಡು ಹೋಗಿ ತೋರಸೂಣು” ಎಂದಿರಿ.

ಆ ಮಾತು ನೆನಪಿದೆಯೇ? ಡಾಕ್ಟರರ ಹೆಸರು ಮೊದಲು ಎತ್ತಿದವರು ನೀವು. ಜನವರಿ ಹದಿನೈದರಂದು.

ಮರುದಿನ ನೀವು ಸವದತ್ತಿಗೆ ಹೋಗಿ ಮಧ್ಯಾಹ್ನ ಬಂದು ನೋಡಿದರೆ ಎಡಗಡೆಯ ಸ್ಪೀಕರಿನ ಬಿಳಿ ಬಟ್ಟಲು ಹರಿದಿತ್ತು. ಇಲಿ ಕಡಿದಿದೆ ಎಂದೆ. “ಇಲಿ ಇಷ್ಟು ನೆಟ್ಟಗ ಕಡಿತೈತೇನ?” ಎಂದಿರಿ. ನಮ್ಮ ಊರ ಇಲಿ ಸಾಲಿ ಕಲತಾವ್ರಿ ಎಂದೆ. ಶಿವಾನಿಯ ಹಾಡು ಹಚ್ಚಿದಿರಿ, ಅದೂ ಖರ್ ಎಂದಿತು. ಬಲಗಡೆಯದರಲ್ಲೂ ಸಣ್ಣಗೆ ಕೇಳಿದ ಹಾಗೆ ಆಗುತ್ತದೆ, ಅವ್ವನ ಪದಕ್ಕೆ ಮಾತ್ರ, ಎಂದು ನೀವು ಹೇಳುವಷ್ಟರಲ್ಲಿ ನಾನು ಬಾಯಿ ಹಾಕಿದೆ: ಜೋಡೆತ್ತಿನಾಗ ಒಂದು ಕುಂಟಿದ್ರ ಇನ್ನೊಂದೂ ಓರಿ ಹೆಜ್ಜಿ ಹಾಕತೈತ್ರಿ. ಆಗ ನೀವು ನಕ್ಕಿರಿ. ದೊಡ್ಡ ಭಾರ ಇಳಿಸಿದವರ ಹಾಗೆ, ಗೋಡೆಗೆ ಒರಗಿ, “ಹಂಗಾರ ಅವ್ವ ಆರಾಮದಾಳ” ಎಂದು ನಕ್ಕಿರಿ. ಆ ನಗುವಿನ ಮುಂದೆ ನಾನೂ ನಕ್ಕೆ.

ವಾರದಲ್ಲಿ ಹೊಸ ಸ್ಪೀಕರು ಬಂದವು. ದುಂಡು ದನಿ, ತುಂಬು ಕೆಳದನಿ. ಅವುಗಳಲ್ಲಿ ಅತ್ತಿಯ ದನಿ ಬೆಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ ಬಂತು. ಆದರೂ ನಿಮಗೆ ಒಳಗೆ ಕೊರೆಯುತ್ತಿತ್ತು. ಪಾಳಿಗೆ ಒಯ್ಯೋಣ ಎಂದೆ. “ಆ ಟ್ರ್ಯಾಕ್ಟರನಾಗ ಹಚ್ಚಿದ್ರ ನನ್ನ ಗೊರಕಿನೂ ಸೋಬಾನ ಆಗತೈತಿ” ಎನ್ನುತ್ತಲೇ ಬಂದಿರಿ. ಇಪ್ಪತ್ತಾರು ಟ್ರ್ಯಾಕ್ಟರು ನಿಂತಿದ್ದವು. ಅವುಗಳ ಸ್ಪೀಕರಿನ ಡೊಳ್ಳಿನಂಥ ಗುದ್ದಿನಲ್ಲಿ, ಇಂಜಿನ್ನಿನ ಸದ್ದಿನಲ್ಲಿ ಆ ಖರ್ ಎಲ್ಲಿ ಉಳಿಯಬೇಕು? ಬಾಯಲ್ಲಿ ರೊಟ್ಟಿ ಇದ್ದ ಹಾಗೆಯೇ ಒಬ್ಬ ಇಳಿದು ಬಂದ. “ಅಕ್ಕಾರ, ನಮ್ಮವ್ವ ಕರದಂಗಾತ್ರಿ. ಇದು ನನಗ ಬೇಕು” ಎಂದ. ನಾನು ನಿಮ್ಮ ಮುಖ ನೋಡಿದೆ. ನೀವು ಸೋತಿದ್ದಿರಿ, ಸಂತೋಷದಿಂದ ಸೋತಿದ್ದಿರಿ. ಬಿಳಿ ಜೋಡಿಯನ್ನು ನೀವೇ ಹಳೆಯ ಚಾದರದಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದಿರಿ.

ಇನ್ನು ನಿಮಗೆ ಗೊತ್ತಿಲ್ಲದ್ದು.

ನನಗೆ ಆ ಖರ್ ನಿಮಗಿಂತ ಮೊದಲೇ ಗೊತ್ತಿತ್ತು. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಅತ್ತಿ ಹಾಲಿನಲ್ಲಿ ನೆನೆಸಿ ಕೂತಿದ್ದರು. ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿ ಮುಟಗಿ ಮಾಡಿ ತಿನ್ನುವ ಹೆಂಗಸು ರೊಟ್ಟಿಯನ್ನು ಹಾಲಿಗೆ ಯಾಕೆ ಹಾಕಿದಳು ಎಂದು ನಾನು ನೋಡುತ್ತಾ ನಿಂತೆ. ನುಂಗುವಾಗ ಕಣ್ಣಲ್ಲಿ ನೀರು ಬಂತು. ಎಷ್ಟು ದಿನ ಆತ್ರಿ ಅತ್ತಿ ಎಂದೆ. ದೀಪಾವಳಿಯಿಂದ ಎಂದರು. ಎಂಜಲಿನಲ್ಲಿ ಎರಡು ಸಲ ಕೆಂಪು ಬಂದದ್ದನ್ನೂ ಹೇಳಿದರು. ಇವರಿಗೆ ಹೇಳುತ್ತೇನೆ ಎಂದು ಎದ್ದೆ. ನನ್ನ ಸೆರಗು ಹಿಡಿದು ಕೂಡಿಸಿದರು. “ಮಲ್ಲೂಗ ಹೇಳಿದ್ರ ಇವತ್ತ ಕೋಣಿಗೆ ಕೀಲಿ ಹಾಕಿ ನನ್ನ ಹೊತಗೊಂಡು ಹೊಕ್ಕಾನ. ಅವರು ಕತ್ತಿಗೆ ಚಾಕು ಹಚ್ಚತಾರ. ಆಮ್ಯಾಲ ಪದ ಎಲ್ಲಿಂದ ತರಲಿ? ಆರು ಮುಗೀಲಿ, ಶೈಲಾ. ಆರು ಮುಗಿದ ದಿನ ನಾನ ಹೇಳತೇನಿ. ಲಿಂಗದ ಆಣಿ ಹಾಕು.”

ಹಾಕಿದೆ. ಹದಿನೈದು ದಿನದ ಮಾತು ಎಂದು ಲೆಕ್ಕ ಹಿಡಿದಿದ್ದೆ. ಜೀವನದಲ್ಲಿ ಎಲ್ಲ ಲೆಕ್ಕ ಸರಿ ಹಿಡಿದವಳು ಇದೊಂದರಲ್ಲಿ ತಪ್ಪಿದೆ. ದಿನಕ್ಕೆ ಒಂದು ಸೊಲ್ಲು, ಅದೂ ಬೆಳಿಗ್ಗೆ ಮಾತ್ರ, ಆಮೇಲೆ ದನಿ ಕಟ್ಟುತ್ತಿತ್ತು. ಹೋಳಿ ಹುಣ್ಣಿಮೆ ದಾಟಿತು. ಪ್ರತಿ ವಾರ ಹೇಳಿಬಿಡೋಣ ಎಂದುಕೊಂಡೆ, ಪ್ರತಿ ವಾರ ಒಂದು ಪದ ಉಳಿದಿದೆಯಲ್ಲ ಎಂದುಕೊಂಡೆ. ಆಣೆಯನ್ನು ಅಡ್ಡ ಹಿಡಿಯುವುದಿಲ್ಲ. ಪದಗಳ ಆಸೆ ನನಗೂ ಇತ್ತು. ಆಕೆಯ ದನಿ ನಮ್ಮ ಬೋರ್ಡಿನ ಕೆಳಗಿನಿಂದ ಹೊರಗೆ ಹೋಗಬೇಕೆಂಬ ಆಸೆ ಇತ್ತು.

ಆರೂ ಮುಗಿದು ಅತ್ತಿ ನಿಮಗೆ ಹೇಳಿದ ಮೇಲೆ, ಬೆಳಗಾವಿಯಲ್ಲಿ ಡಾಕ್ಟರರು ಎಷ್ಟು ದಿನದಿಂದ ಎಂದು ಕೇಳಿದಾಗ ಹದಿನೈದು ದಿನ ಎಂದವಳು ನಾನು. ಅವರು ಗಂಟಲಿನ ಗಡ್ಡೆಯ ಫೋಟೊ ನೋಡಿ ತಲೆ ಅಲ್ಲಾಡಿಸಿದರು. ಎರಡು ತಿಂಗಳು ಮೊದಲು ತಂದಿದ್ದರೆ ಬರೀ ಕರೆಂಟು, ಅದೇ ರೇಡಿಯೇಶನ್, ಕೊಟ್ಟು ನೋಡಬಹುದಿತ್ತು, ದನಿಪೆಟ್ಟಿಗೆ ಉಳಿಯಬಹುದಿತ್ತು, ಈಗ ತೆಗೆಯದೆ ಗತಿಯಿಲ್ಲ ಎಂದರು. ಹೊರಗೆ ಬಂದು ನೀವು ಗೋಡೆಯ ಕಡೆ ತಿರುಗಿ ನಿಂತಿರಿ. “ನನಗ ಕೇಳಿತ್ತು, ಶೈಲಾ. ಜನವರಿಯೊಳಗ ಕೇಳಿತ್ತು. ಕೇಳಿ ಸುಮ್ಮ ಕುಂತೆ. ಸುಡು ಈ ಕಿವಿ.”

ಆಗ ಬಾಯಿ ಬಿಡಬೇಕಿತ್ತು. ಬೈಲಹೊಂಗಲದ ಪೇಟೆಯಲ್ಲಿ ಯಾರನ್ನಾದರೂ ಮಾತಿನಲ್ಲಿ ಕಟ್ಟಿಹಾಕುವವಳು ನಿಮ್ಮ ಬೆನ್ನಿನ ಹಿಂದೆ ಡಾಕ್ಟರರ ಚೀಟಿ ಮಡಚುತ್ತ ನಿಂತೆ. ಏಪ್ರಿಲ್‌ನಲ್ಲಿ ಆಪರೇಶನ್ ಆಯಿತು. ಜೂನ್‌ನಲ್ಲಿ ನೀವು ಅಟ್ಟದಿಂದ ಬಿಳಿ ಜೋಡಿ ಇಳಿಸಿಕೊಂಡು ರಾಮದುರ್ಗಕ್ಕೆ ಹೋದಿರಿ. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ, ಎಲ್ಲವನ್ನೂ ನಿಮ್ಮ ಕಿವಿಯ ಮೇಲೆ ಹೊರಿಸಿದಿರಿ. ಬಿಟ್ಟು ಹೋದರು ಎಂದು ನಾನು ಓಣಿಯಲ್ಲಿ ಮುಖ ಸಣ್ಣದು ಮಾಡಿಕೊಂಡು ತಿರುಗಿದೆ. ಒಳಗೆ, ಸದ್ಯ ನನ್ನನ್ನು ಏನೂ ಕೇಳಲಿಲ್ಲವಲ್ಲ ಎಂದು ಉಸಿರು ಬಿಟ್ಟೆ. ಇದನ್ನೂ ಬರೆದಿದ್ದೇನೆ, ಹೊಡೆದು ಹಾಕುವುದಿಲ್ಲ.

ಅತ್ತಿ ಈಗ ಗಂಜಿ ಬಿಟ್ಟು ಮೆತ್ತಗಿನ ಅನ್ನಕ್ಕೆ ಬಂದಿದ್ದಾರೆ. ಕತ್ತಿನ ತೂತಿಗೆ ಬಿಳಿ ಅರಿವೆ ಕಟ್ಟಿಕೊಳ್ಳುತ್ತಾರೆ. ಹೂಂ ಎನ್ನಲು ಒಂದು ಚಪ್ಪಾಳೆ, ಬೇಡ ಎನ್ನಲು ಎರಡು. ಕೋಪ ಬಂದರೆ ನಾಲ್ಕು. ನಿನ್ನೆ ಏಜಾಜಭಾಯಿ ಹೋದ ಮೇಲೆ, ಸೋಮವಾರ ಜೋಡಿ ಮಾರುತ್ತಾರಂತೆ, ಅವರಿಗೆ ಕಿವಿ ಸತ್ತಿದೆಯಂತೆ ಎಂದು ಅವರ ಮುಂದೆ ಹೇಳಿದೆ. ಬರೆಯಲು ಪಾಟಿ ಬೇಕೆಂದು ಕೈಸನ್ನೆ ಮಾಡಿದರು. ಮನೋಳಿಯಲ್ಲಿ ಮೂರನೇ ಇಯತ್ತೆಗೆ ಬಿಟ್ಟ ಸಾಲಿ, ಅಕ್ಷರ ಎತ್ತಿನ ಗಾಡಿ ಹೋದ ಹಾಗೆ ಹೋಗುತ್ತದೆ. ‘ಹೇಳು’ ಎಂದು ಬರೆದರು. ಆಣೆ ಎಂದೆ. ಅದನ್ನು ಅಂಗೈಯಿಂದ ಒರೆಸಿ ಮತ್ತೆ ‘ಹೇಳು’ ಎಂದೇ ಬರೆದರು. ನಾನು ಮತ್ತೆ ಆಣೆ ಎಂದದ್ದಕ್ಕೆ ನಾಲ್ಕು ಚಪ್ಪಾಳೆ ಬಿತ್ತು.

ಹಾರ್ಡ್‌ಡಿಸ್ಕಿನಲ್ಲಿ ಆರೂ ಪದಗಳ ಮೂಲ ಇದೆ, ಏನೂ ಸವರದೆ, ತೊಳೆಯದೆ. ಒಂದು ದಿನ ನೀವು ಊರಲ್ಲಿ ಇರಲಿಲ್ಲ. ಅತ್ತಿಯ ದನಿ ಒಂದು ಸೊಲ್ಲಿನ ಮೇಲೆ ಏರಲೇ ಇಲ್ಲ. ಮೂರು ಸಲ ದನಿ ಬಿತ್ತು. ನಾಲ್ಕನೆಯ ಸಲ ನನ್ನನ್ನು ಮೈಕಿನ ಮುಂದೆ ನೂಕಿದರು. ಆ ಒಂದು ಸೊಲ್ಲನ್ನು ಹಾಡಿದವಳು ನಾನು, ಅವರದೇ ಧಾಟಿಯಲ್ಲಿ, ಅವರದೇ ಉಸಿರು ಕಟ್ಟುವ ಜಾಗದಲ್ಲಿ ಉಸಿರು ಕಟ್ಟಿ. ಹೊಸ ಸ್ಪೀಕರಿನಲ್ಲಿ ನೀವು ಅದನ್ನು ತಿಂಗಳುಗಟ್ಟಲೆ ಕೇಳಿದಿರಿ, ಹಿಡಿಯಲಿಲ್ಲ. ಯಾವ ಪದ, ಯಾವ ಸೊಲ್ಲು ಎಂದು ಬರೆಯುವುದಿಲ್ಲ. ಹುಬ್ಬಳ್ಳಿಯವನು ಬರುವ ಮೊದಲು ಬಿಳಿ ಜೋಡಿಯ ಮುಂದೆ ಕೂತು ಹುಡುಕಿ. ಸಿಗದಿದ್ದರೆ ಕಿವಿ ಸತ್ತಿದೆ, ಜೋಡಿ ಕೊಟ್ಟುಬಿಡಿ. ಸಿಕ್ಕರೆ ಒಂದು ಸಲ ಫೋನು ಹಚ್ಚಿ. ನಾನು ಮಾತಾಡುವುದಿಲ್ಲ, ಅತ್ತಿಯ ಕೈಗೆ ಕೊಡುತ್ತೇನೆ. ಯಾವ ಸೊಲ್ಲೆಂದು ಅವರಿಗೆ ಹೇಳಿ. ಸರಿಯಿದ್ದರೆ ಒಂದು ಚಪ್ಪಾಳೆ ಕೇಳುತ್ತದೆ.

ಮನೆಯಲ್ಲಿ ನಿಮ್ಮ ಕುರ್ಚಿಯನ್ನು ಯಾರಿಗೂ ಕೊಟ್ಟಿಲ್ಲ.

ನಿಮ್ಮವಳೆಂದು ಬರೆಯುವ ಧೈರ್ಯ ಇಂದು ಇಲ್ಲದ,
ಶೈಲಜಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಇಷ್ಟೆಲ್ಲ ಬರೆದೂ ಒಂದನ್ನು ಬಚ್ಚಿಟ್ಟು ಕಳಿಸುತ್ತಿದ್ದೆ. ನಿನ್ನೆ ಹೊರಡುವಾಗ ಏಜಾಜಭಾಯಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದರು: “ಭಾಬಿ, ಹರಿದಿದ್ದ ಆ ಎಡಗಡಿ ಸ್ಪೀಕರಿಗೆ ಕಾಗದ ಅಂಟಸಿದಾಂವ ನಾನ. ಇಲಿ ಅಂಚು ತಿಂತೈತಿ. ನಟ್ಟನಡುವ ತಿನ್ನೂದಿಲ್ಲ. ಮಲ್ಲೂಗ ನಾ ಏನೂ ಹೇಳಿಲ್ಲ.” ಅತ್ತಿಗೂ ಇದು ಗೊತ್ತಿಲ್ಲ. ನೀವು ಸವದತ್ತಿಯ ಬಸ್ಸು ಹತ್ತಿದ ಮೇಲೆ ಕೌದಿ ಹೊಲಿಯುವ ದಬ್ಬಣ ತೆಗೆದುಕೊಂಡು ಕೋಣೆಗೆ ಹೋದೆ. ಆ ದಬ್ಬಣ ಈ ಲಕೋಟೆಯೊಳಗೇ ಇದೆ. ಚುಚ್ಚೀತು, ಜ್ವಾಕಿ. ಅಂಟಿಸಿದ ಕಾಗದವನ್ನು ಬಿಚ್ಚಿ, ಹರಿದ ಜಾಗಕ್ಕೆ ಹಿಡಿದು ಅಳತೆ ನೋಡಿ.