ಅಪ್ಪನ ಹಾಳೆ, ನಿನ್ನ ಮುಖಪುಟ

ರೂಸೆ,
ಜೂನ್ ೧೧

ಕಮೆನ್,

ಇಲ್ಲಿ ಅಮ್ಮನೂ ನಾನೂ ಕ್ಷೇಮ. ನೀನು ಕ್ಷೇಮವೆಂಬುದು ನಿನ್ನ ಜಾಲತಾಣದ ಫೋಟೊ ನೋಡಿಯೇ ತಿಳಿಯಿತು. ಕೋಟು ಹೊಸದು.

ನಿನ್ನ ಇಮೇಲ್ ಬಂತು. ಪ್ರೀತಿಯ ಗೆಳೆಯರೇ, ನಮ್ಮ ಸಾಫ್ಟ್‌ವೇರ್ ಇನ್ನೂ ಎಳೆಯದು, ಮುಖಪುಟ ನೋಡಿ ಮುಲಾಜಿಲ್ಲದೆ ಅಭಿಪ್ರಾಯ ತಿಳಿಸಿ ಎಂದು ಎಲ್ಲರಿಗೂ ಕಳಿಸಿದ್ದನ್ನೇ ನನಗೂ ಕಳಿಸಿದ್ದೀಯ. ಮನೆ ಬಿಟ್ಟು ಹೋಗಿ ಮೂರು ತಿಂಗಳಾಗಿಲ್ಲ, ಹೆಂಡತಿ ಆಗಲೇ ಗೆಳೆಯರ ಗುಂಪಿಗೆ ಸೇರಿದಳು. ಇರಲಿ. ಕೊನೆಯಲ್ಲಿ ನನಗೆಂದೇ ಒಂದು ಸಾಲು ಸೇರಿಸಿದ್ದೆ: ಗುರುವಾರ ಸೋಫಿಯಾದಲ್ಲಿ ಬಂಡವಾಳ ಹಾಕುವವರ ಮುಂದೆ ಇದನ್ನೇ ತೋರಿಸುತ್ತೇನೆ, ನಿನ್ನದೇನೂ ತಕರಾರಿಲ್ಲ ತಾನೆ, ಎಂದು. ತಕರಾರು ಯಾತಕ್ಕೆ ಎಂಬುದು ಲಿಂಕ್ ಒತ್ತಿದ ಮೇಲೆ ಗೊತ್ತಾಯಿತು.

ಮೇಲಿನಿಂದ ಶುರು ಮಾಡುತ್ತೇನೆ. ಶೀರ್ಷಿಕೆ ಚೆನ್ನಾಗಿದೆ. ಶ್ರದ್ಧಾಂಜಲಿ ಹಾಳೆ ಸಿದ್ಧಮಾಡುವುದು, ಅಚ್ಚು ಹಾಕಿಸಿ ಮನೆಗೆ ತಲುಪಿಸುವುದು, ನಲವತ್ತನೇ ದಿನ, ಅರ್ಧ ವರ್ಷ, ವರ್ಷ ಬಂದಾಗ ಹೊಸ ಹಾಳೆಗೆ ನೆನಪಿಸುವುದು, ಎಲ್ಲ ಒಂದೇ ನೋಟಕ್ಕೆ ತಿಳಿಯುತ್ತದೆ. ಸತ್ತವರ ಮುಖವನ್ನು ಬಾಗಿಲಿಗೆ, ಬಸ್ ನಿಲ್ದಾಣಕ್ಕೆ ಹಚ್ಚುತ್ತಲೇ ಇರುವ ನಮ್ಮಂಥವರಿಗೆ ಇಂಥದ್ದೊಂದು ಬೇಕಿತ್ತು. ಅಕ್ಷರ ಮಾತ್ರ ಸಣ್ಣದಾಯಿತು. ಈ ಪುಟಕ್ಕೆ ಬರುವವರ ಕಣ್ಣಲ್ಲಿ ನೀರಿರುತ್ತದೆ, ದೊಡ್ಡದು ಮಾಡು.

ಆಮೇಲೆ ಮಾದರಿ ಹಾಳೆ. ಕಪ್ಪು ಅಂಚಿನೊಳಗೆ ನನ್ನ ಅಪ್ಪ ಲ್ಯುಬೆನ್ ನಗುತ್ತಿದ್ದಾರೆ. ಕೇಳದೆ ಹಾಕಿದ್ದೀಯ. ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಅದರ ಕೆಳಗೆ ‘ನಮ್ಮ ಕಥೆ’ ಓದಿದೆ. ಮಾವ ತೀರಿಕೊಂಡ ಮರುದಿನ ನೀನು ಹಾಳೆಗಳ ಕಟ್ಟು ಹಿಡಿದು ಹಿಮದಲ್ಲಿ ಒಬ್ಬನೇ ಬೀದಿ ಬೀದಿ ಅಲೆದೆಯಂತೆ. ಅಳುತ್ತ ಹಚ್ಚಿದೆಯಂತೆ. ಯಾರಿಗೂ ಈ ಕಷ್ಟ ಬರಬಾರದೆಂದು ಆವತ್ತೇ ನಿಶ್ಚಯಿಸಿದೆಯಂತೆ.

ಕಮೆನ್, ಅಲೆದದ್ದು ನಾನು. ಬ್ರೆಡ್ ಅಂಗಡಿಯ ತಣ್ಣನೆಯ ಗಾಜಿಗೆ ಟೇಪ್ ಅಂಟದೆ ಉಸಿರು ಊದಿ ಊದಿ ಬೆಚ್ಚಗೆ ಮಾಡಿದ್ದು ನಾನು. ಹಡಗುಕಟ್ಟೆಯ ಗೇಟಿನ ಹತ್ತಿರ, ಹಿಂದೆ ಅಪ್ಪನ ಜೊತೆ ಬೆಸುಗೆ ಕೆಲಸ ಮಾಡಿದ್ದ ಮುದುಕರೊಬ್ಬರು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, “ಕೊಡಮ್ಮ ಇಲ್ಲಿ. ಸೊಟ್ಟಗೆ ಹಚ್ಚಿದ್ರೆ ನಿಮ್ಮಪ್ಪ ಎದ್ದು ಬಂದು ಬೈತಾನೆ” ಅಂದರು. ನಾನು ಅತ್ತಿದ್ದು ಅಲ್ಲಿ. ಕೆಳಮನೆಯ ಪೆನ್ಕಾ ಅಜ್ಜಿ, “ನಿನ್ ಗಂಡ ಎಲ್ಲೇ? ಟೇಪ್ ಹರಿದು ಕೊಡೋಕಾದ್ರೂ ಒಬ್ರು ಬೇಡ್ವಾ?” ಎಂದು ಕೇಳಿದಾಗ, “ರೈಲು ತಡ ಅಜ್ಜಿ, ಬರ್ತಿದಾನೆ” ಎಂದು ನಿನ್ನ ಪರವಾಗಿ ಸುಳ್ಳು ಹೇಳಿದವಳೂ ನಾನೇ.

ನೀನು ಸೋಫಿಯಾದಲ್ಲಿದ್ದೆ. “ಸ್ಪರ್ಧೆಯ ಕೊನೇ ಸುತ್ತು ರೂಮಿ, ಅರ್ಥ ಮಾಡ್ಕೋ” ಎಂದು ಫೋನಿನಲ್ಲಿ ಗೋಗರೆದಿದ್ದೆ. ಅರ್ಥ ಮಾಡಿಕೊಂಡೆ. ಆವತ್ತು ನಡೆದದ್ದನ್ನೆಲ್ಲ ಬಿಕ್ಕುತ್ತ ನಿನಗೊಬ್ಬನಿಗೇ ಹೇಳಿದೆ. ನೀನು ಹೂಂಗುಟ್ಟುತ್ತಿದ್ದೆ. ಸಮಾಧಾನ ಮಾಡುತ್ತಿದ್ದೀಯ ಅಂದುಕೊಂಡಿದ್ದೆ.

ಹಾಳೆಯ ಕೆಳಗೆ ದುಃಖತಪ್ತರ ಸಾಲಿನಲ್ಲಿ ನಿನ್ನ ಹೆಸರು ಹಾಕಿಸಿದ್ದೂ ನಾನೇ. ಯಾರ ಹೆಸರಿದೆ, ಯಾರದಿಲ್ಲ ಎಂದು ನಮ್ಮ ಬೀದಿಯವರು ಹಾಳೆಯ ಮುಂದೆ ನಿಂತೇ ತೀರ್ಮಾನ ಮಾಡುತ್ತಾರೆ. ನಲವತ್ತನೇ ದಿನ ಅಮ್ಮ ಅಪ್ಪನ ಹೆಸರಿನಲ್ಲಿ ಬೇಯಿಸಿದ ಗೋಧಿ ಹಂಚುವಾಗಲೂ ನೀನಿರಲಿಲ್ಲ. ಆಗಲೂ ಹಾಕಿಸಿದೆ. ನಿನ್ನ ಮಾನ ಉಳಿಯಲೆಂದು ನಾನು ಬರೆಸಿದ ಹೆಸರನ್ನೇ ಈಗ ನಿನ್ನ ದುಃಖಕ್ಕೆ ಸಾಕ್ಷಿಯಾಗಿ ತೋರಿಸುತ್ತಿದ್ದೀಯ.

ನನಗೆ ಹೊಟ್ಟೆ ಉರಿಯುತ್ತಿದೆ. ನೀನು ಇನ್ನೊಬ್ಬಳ ಹಿಂದೆ ಹೋಗಿದ್ದರೂ ಇಷ್ಟು ಮೋಸಹೋದೆ ಅನ್ನಿಸುತ್ತಿರಲಿಲ್ಲ. ಅಪ್ಪನಿಗಾಗಿ ನನಗೆ ಮಾಡಲು ಸಾಧ್ಯವಾದದ್ದು ಆ ಒಂದು ದಿನದ ಅಲೆದಾಟ ಮಾತ್ರ. ಅದನ್ನು ಕದ್ದು ನೀನು ಅಂಗಡಿಯ ಬಾಗಿಲಿಗೆ ತೋರಣ ಕಟ್ಟಿದ್ದೀಯ.

ತಕರಾರಿದೆ. ಗುರುವಾರದೊಳಗೆ ಅಪ್ಪನ ಮುಖ ತೆಗೆ, ಆ ಕಥೆ ತೆಗೆ. ಕಥೆ ಬೇಕೇ ಬೇಕೆಂದರೆ ನಿನ್ನದನ್ನೇ ಬರೆ: ಮಾವ ಸತ್ತಾಗ ನಾನು ಹೋಗಲಿಲ್ಲ, ಹೆಂಡತಿ ಒಬ್ಬಳೇ ಅಲೆದಳು, ಎಂದು. ಅಪ್ಪನ ಮಣ್ಣಿಗೆ ಹೋಗಲಾಗದವರು ಈ ದೇಶದಲ್ಲಿ ನೀನೊಬ್ಬನೇ ಅಲ್ಲ. ಅವರು ನಂಬುತ್ತಾರೆ. ತೆಗೆಯದಿದ್ದರೆ ಇದೇ ಕಾಗದವನ್ನು ಆ ಬಂಡವಾಳದವರಿಗೂ ಕಳಿಸುತ್ತೇನೆ. ಅಭಿಪ್ರಾಯ ಕೇಳಿದವನು ನೀನು.

ಇಂತಿ,
ಲ್ಯುಬೆನ್‌ರ ಮಗಳು
ರುಮ್ಯಾನಾ

ತಾ.ಕ.: ನಾಳಿದ್ದು ಅಪ್ಪನಿಗೆ ಅರ್ಧ ವರ್ಷ. ಹೊಸ ಹಾಳೆಯನ್ನು ನಿನ್ನ ಸಾಫ್ಟ್‌ವೇರಿನಲ್ಲೇ ಮಾಡಿದೆ. ‘ಈ ಮಾದರಿ ಬಳಸಿ’ ಎಂಬ ಬಟನ್ ಒತ್ತಿದೊಡನೆ ಹೆಸರುಗಳೆಲ್ಲ ತಾವಾಗಿಯೇ ಬಂದವು. ಅಮ್ಮನದನ್ನೂ ನನ್ನದನ್ನೂ ಉಳಿಸಿ ನಿನ್ನದನ್ನು ಅಳಿಸಿದೆ. ಖಚಿತವೇ ಎಂದು ಅದು ಒಮ್ಮೆಯೂ ಕೇಳಲಿಲ್ಲ. ಆ ಭಾಗ ಚೆನ್ನಾಗಿ ಮಾಡಿದ್ದೀಯ, ಹಾಗೇ ಇರಲಿ.